ಚೇಗು ಬೇಡದ ಮರ

ಮರ ಆರಿಸುವಾಗ ಚೇಗು, ಅಂದರೆ ಕಾಂಡದ ಒಳಗಿನ ಗಾಢ ಬಣ್ಣದ ಭಾಗ, ನೋಡಬೇಕು ಎಂಬುದು ಬಡಗಿಗಳ ಬಾಯಿಪಾಠ. ತೇಗದ ಅಂಚಿನಲ್ಲಿ ಬಿಳಿ ಕಂಡರೆ ಸೀಳಿ ಪಕ್ಕಕ್ಕೆ ಎಸೆಯುತ್ತೇವೆ. ಮೇಪಲ್ ಮರದ ವಿಚಾರದಲ್ಲಿ ಎಲ್ಲ ತಿರುಗುಮುರುಗು. ಅದರಲ್ಲಿ ಬೇಡಿಕೆ ಇರುವುದು ಚೇಗಿನ ಸುತ್ತಲಿನ ಕೆನೆಬಣ್ಣದ ಭಾಗಕ್ಕೆ. ತರಕಾರಿ ಹೆಚ್ಚುವ ಮಣೆಗೆಂದು ಗಟ್ಟಿ ಮೇಪಲ್ ಹಲಗೆ ಆರಿಸಲು ನಿಂತಾಗ ನನ್ನ ಕೈ ಅಭ್ಯಾಸಬಲದಿಂದ ಕಂದು ಹಲಗೆಗಳತ್ತಲೇ ಹೋಗುತ್ತಿತ್ತು.

ಕೀಸುಳಿ ಹಿಡಿದ ಮೇಲೆ ಮರದ ಗುಣ ತಿಳಿಯಿತು. ಉಕ್ಕಿನ ಗುಂಡನ್ನು ಮರದೊಳಕ್ಕೆ ಅರ್ಧ ಒತ್ತಲು ಎಷ್ಟು ಬಲ ಬೇಕು ಎಂದು ಅಳೆಯುವ ಜಾಂಕಾ ಮಾಪನದಲ್ಲಿ ಇದರದು ಸುಮಾರು 1,450 ಪೌಂಡ್. ತೇಗದ್ದು 1,070ರ ಆಸುಪಾಸು. ಆದರೂ ಅಲಗನ್ನು ಬೇಗ ಮೊಂಡು ಮಾಡುವುದು ತೇಗವೇ, ಅದರೊಳಗಿನ ಸಿಲಿಕಾದ ದೆಸೆಯಿಂದ.

ಒಂದು ಹಲಗೆಯ ತುದಿಯಲ್ಲಿ ಮಾತ್ರ ಎಳೆ ಅಲೆಅಲೆಯಾಗಿತ್ತು. ಪಿಟೀಲಿನ ಬೆನ್ನಿನಲ್ಲಿ ಮಿನುಗುವ ಅಡ್ಡಪಟ್ಟಿಗಳೂ ಇಂಥ ಎಳೆಯವೇ. ನೋಡಲು ಚೆಂದ, ಕೀಸಲು ಕಾಟ. ಅಲೆ ಏರುವಲ್ಲಿ ಸಲೀಸಾಗಿ ಜಾರುವ ಅಲಗು ಇಳಿಯುವಲ್ಲಿ ಸಿಬಿರೆಬ್ಬಿಸುತ್ತದೆ. ಅಲಗಿಗೆ ಮತ್ತೆ ಸಾಣೆ ಕೊಟ್ಟೆ. ಅದರ ಮೇಲಿನ ಕಬ್ಬಿಣದ ಪಟ್ಟಿಯನ್ನು ಮೊನೆಗೆ ತೀರ ಹತ್ತಿರ ಸರಿಸಿದೆ. ಆಗ ಎದ್ದ ಸುರುಳಿ ಬೆರಳಿನ ಮೇಲಿಟ್ಟರೆ ಚರ್ಮದ ಗೆರೆಗಳು ಕಾಣುವಷ್ಟು ತೆಳ್ಳಗಿತ್ತು. ಮರದ ಮೈ ಮರಳುಕಾಗದ ಬೇಡವೆನ್ನುವಷ್ಟು ನುಣುಪಾಯಿತು. ಯಂತ್ರದ ಗರಗಸಕ್ಕೆ ಬೇರೆಯೇ ಎಚ್ಚರ ಬೇಕು: ನೂಕುವ ಕೈ ಅರೆಗಳಿಗೆ ನಿಂತರೆ ಬಿಳಿ ಮೈಮೇಲೆ ಸುಟ್ಟ ಕಂದು ಗೆರೆ ಮೂಡುತ್ತದೆ.

ಮಣೆಗೆ ಗಾಢ ಬಣ್ಣ ಬಳಿಯಬಾರದೇ ಎಂದು ಮನೆಯವರು ಕೇಳಿದರು. ಆಹಾರ ಮುಟ್ಟುವ ಮಣೆಗೆ ಬಣ್ಣವೇ ಸಲ್ಲದು. ಪೀಠೋಪಕರಣಕ್ಕಾದರೂ ಮೇಪಲ್‌ಗೆ ಬಣ್ಣ ಹಚ್ಚುವುದು ನನಗೆ ಒಗ್ಗದು: ಒತ್ತೊತ್ತಾದ ಮೈ ಒಂದೆಡೆ ಹೀರಿ, ಇನ್ನೊಂದೆಡೆ ಬಿಟ್ಟು, ತೊನ್ನು ಹಿಡಿದಂತೆ ಕಾಣುತ್ತದೆ. ಕಪ್ಪು ಬೇಕಿದ್ದರೆ ವಾಲ್ನಟ್ ಇದೆಯಲ್ಲ. ಕೆಂಪು ಓಕ್‌ನಂತೆ ದೊಡ್ಡ ರಂಧ್ರಗಳಿಲ್ಲದ್ದರಿಂದ ತರಕಾರಿಯ ರಸ ಮೇಪಲ್ಲಿನೊಳಕ್ಕೆ ಸುಲಭವಾಗಿ ಇಳಿಯುವುದಿಲ್ಲ. ಮಿನರಲ್ ಎಣ್ಣೆ ಸವರಿದರೆ ಸಾಕು.

ಉಳಿದದ್ದು ಮಣೆಯ ಅಡಿಗೆ ಅಡ್ಡಲಾಗಿ ಬಿಗಿಯುವ ಪಟ್ಟಿಗಳ ಕೆಲಸ. ಹಸಿ ಮೇಪಲ್ ಪೂರ್ತಿ ಒಣಗುವಾಗ ವಾರ್ಷಿಕ ಉಂಗುರದ ಗುಂಟ ಸುಮಾರು 9.9, ಉಂಗುರಕ್ಕೆ ಅಡ್ಡಲಾಗಿ 4.8 ಪ್ರತಿಶತ ಕುಗ್ಗುತ್ತದೆ. ಒಣಗಿದ ಮೇಲೂ ತೇವಕ್ಕೆ ತಕ್ಕಂತೆ ಹಿಗ್ಗಿ ಕುಗ್ಗುವುದು ತಪ್ಪದು. ಅದಕ್ಕೇ ಪಟ್ಟಿಗಳಲ್ಲಿ ಸ್ಕ್ರೂ ತೂತುಗಳನ್ನು ದುಂಡಗೆ ಬಿಡದೆ, ಮಣೆಯ ಅಗಲದ ದಿಕ್ಕಿಗೆ ಉದ್ದವಾಗಿ ಕೊರೆದು ಸ್ಕ್ರೂ ಬಿಗಿದೆ.