ಬ್ರೆಂಡಾ ಮಿಲ್ನರ್ ಮತ್ತು ಉಲ್ಲೇಖಗಳ ಲೆಕ್ಕ

ಸಂಶೋಧಕರ ತೂಕವನ್ನು ಅವರ ಪ್ರಬಂಧಗಳು ಎಷ್ಟು ಬಾರಿ ಉಲ್ಲೇಖಗೊಂಡಿವೆ ಎಂಬುದರಿಂದ ಅಳೆಯುವ ರೂಢಿ ಮಂಗಳೂರಿನಲ್ಲಿ ನಮ್ಮಂತೆ ಮನಶ್ಶಾಸ್ತ್ರದ ಪಾಠ ಮಾಡುವವರ ನಡುವೆಯೂ ಬೇರೂರಿದೆ. ಎಚ್-ಇಂಡೆಕ್ಸ್ (ಪ್ರಬಂಧಗಳ ಸಂಖ್ಯೆ ಮತ್ತು ಅವಕ್ಕೆ ಬಂದ ಉಲ್ಲೇಖಗಳಿಂದ ತೆಗೆಯುವ ಸೂಚ್ಯಂಕ) ಎಷ್ಟು ಎಂದು ಈಗ ವಿದ್ಯಾರ್ಥಿಗಳೇ ಕೇಳುತ್ತಾರೆ. ಆ ಲೆಕ್ಕ ನಿರರ್ಥಕವೆಂದು ನಾನು ಹೇಳಲಾರೆ. ಆದರೆ ಮಿದುಳು ಮತ್ತು ನೆನಪಿನ ಸಂಬಂಧವನ್ನು ಅಧ್ಯಯನ ಮಾಡಿದ ಬ್ರೆಂಡಾ ಮಿಲ್ನರ್ ಅವರಂಥವರ ಪ್ರಭಾವವನ್ನು ಅದು ಹಿಡಿದಿಡುವುದಿಲ್ಲ.

1918ರಲ್ಲಿ ಮ್ಯಾಂಚೆಸ್ಟರಿನಲ್ಲಿ ಹುಟ್ಟಿ, ಕೇಂಬ್ರಿಜ್‌ನಲ್ಲಿ ಓದಿದ ಮಿಲ್ನರ್ 1944ರಲ್ಲಿ ಕೆನಡಾದ ಮಾಂಟ್ರಿಯಲ್‌ಗೆ ಹೋದರು. ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರಜ್ಞ ಡೊನಾಲ್ಡ್ ಹೆಬ್ ಅವರ ಮಾರ್ಗದರ್ಶನದಲ್ಲಿ 1952ರಲ್ಲಿ ಡಾಕ್ಟರೇಟ್ ಪಡೆದರು. ವೈಲ್ಡರ್ ಪೆನ್‌ಫೀಲ್ಡ್ ಅಪಸ್ಮಾರಕ್ಕಾಗಿ ಶಸ್ತ್ರಚಿಕಿತ್ಸೆ ಮಾಡುತ್ತಿದ್ದ ರೋಗಿಗಳ ಬುದ್ಧಿಶಕ್ತಿ, ನೆನಪುಗಳನ್ನು ಪರೀಕ್ಷಿಸುವುದು ಮಿಲ್ನರ್ ಅವರ ಕೆಲಸವಾಗಿತ್ತು. ಮಿದುಳಿನ ಒಂದೇ ಬದಿಗೆ ಶಸ್ತ್ರಚಿಕಿತ್ಸೆಯಾಗಿದ್ದ ಇಬ್ಬರಲ್ಲಿ ಹೊಸ ನೆನಪು ನಿಲ್ಲದಾದುದನ್ನು ಪೆನ್‌ಫೀಲ್ಡ್ ಮತ್ತು ಮಿಲ್ನರ್ ವರದಿ ಮಾಡಿದಾಗ, ಅಮೆರಿಕದ ಹಾರ್ಟ್‌ಫರ್ಡಿನ ಶಸ್ತ್ರವೈದ್ಯ ವಿಲಿಯಂ ಸ್ಕೋವಿಲ್ ತಮ್ಮಲ್ಲಿಯೂ ಅಂಥ ರೋಗಿಯಿದ್ದಾರೆಂದು ತಿಳಿಸಿದರು.

ಆ ರೋಗಿಯೇ ಮುಂದೆ ಎಚ್.ಎಂ. ಎಂದು ಹೆಸರಾದ ಹೆನ್ರಿ ಮೊಲೈಸನ್. ತೀವ್ರ ಅಪಸ್ಮಾರದಿಂದ ಬಳಲುತ್ತಿದ್ದ ಅವರ ಮಿದುಳಿನ ಎರಡೂ ಬದಿಯ ಹಿಪೊಕ್ಯಾಂಪಸ್ಸಿನ (ಮಿದುಳಿನ ಒಳಭಾಗದಲ್ಲಿರುವ ಒಂದು ರಚನೆ) ಬಹುಭಾಗವನ್ನು ಸ್ಕೋವಿಲ್ 1953ರಲ್ಲಿ ತೆಗೆದಿದ್ದರು. 1955ರ ಏಪ್ರಿಲ್‌ನಲ್ಲಿ ಮಿಲ್ನರ್ ಪರೀಕ್ಷಿಸಿದಾಗ, 29 ವರ್ಷದ ಮೊಲೈಸನ್ ತಮಗೆ 27 ವರ್ಷವೆಂದೂ ಅದು 1953ರ ಮಾರ್ಚ್ ಎಂದೂ ಹೇಳಿದರು. ಅವರ ಬುದ್ಧ್ಯಂಕವಾದರೋ 112, ಅಂದರೆ ಸರಾಸರಿಗಿಂತ ಹೆಚ್ಚು. 584 ಎಂಬ ಸಂಖ್ಯೆಯನ್ನು ಕೂಡಿಸುತ್ತ, ಕಳೆಯುತ್ತ, ಮನಸ್ಸಿನಲ್ಲಿ ಬಿಡದೆ ಉರು ಹೊಡೆಯುತ್ತ ಕಾಲು ಗಂಟೆ ಉಳಿಸಿಕೊಂಡ ಅವರಿಗೆ, ಮಾತು ಬೇರೆಡೆ ಹೊರಳಿದ ಕೂಡಲೇ ಅಂಥದ್ದೊಂದು ಸಂಖ್ಯೆಯಿತ್ತೆಂಬುದೇ ಮರೆತುಹೋಯಿತು. ಕ್ಷಣದ ಮಟ್ಟಿಗೆ ಹಿಡಿದಿಡುವುದು ಬೇರೆ, ಬಹುಕಾಲಕ್ಕೆ ಕೂಡಿಡುವುದು ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪ್ರಮಾಣ ಬೇಕಿರಲಿಲ್ಲ.

ಒಬ್ಬ ರೋಗಿಯ ಕಥೆಯಿಂದ ಸಿದ್ಧಾಂತ ಕಟ್ಟಬಹುದೇ ಎಂಬುದು ನ್ಯಾಯವಾದ ಪ್ರಶ್ನೆ. 1957ರಲ್ಲಿ ಸ್ಕೋವಿಲ್ ಮತ್ತು ಮಿಲ್ನರ್ ಪ್ರಕಟಿಸಿದ ಪ್ರಬಂಧದಲ್ಲಿ ಹತ್ತು ರೋಗಿಗಳ ಪರೀಕ್ಷೆಯಿದೆ. ಹಿಪೊಕ್ಯಾಂಪಸ್ಸಿನವರೆಗೆ ಕತ್ತರಿ ಹೋಗಿದ್ದವರಲ್ಲಿ ಮಾತ್ರ ನೆನಪು ಕೆಟ್ಟಿತ್ತು, ಅದಕ್ಕಿಂತ ಮುಂದಿನ ಭಾಗವನ್ನಷ್ಟೇ ಕಳೆದುಕೊಂಡವರಲ್ಲಿ ಕೆಟ್ಟಿರಲಿಲ್ಲ. ಪ್ರಬಂಧದ ಬಲ ಇರುವುದು ಈ ಹೋಲಿಕೆಯಲ್ಲಿ, ಪಠ್ಯಪುಸ್ತಕಗಳು ಎಚ್.ಎಂ. ಅವರನ್ನು ಮಾತ್ರ ಉಳಿಸಿಕೊಂಡು ಉಳಿದ ಒಂಬತ್ತು ಮಂದಿಯನ್ನು ಬಿಟ್ಟುಬಿಟ್ಟಿರುವುದು ನನಗೆ ಸರಿ ಕಾಣುವುದಿಲ್ಲ.

ಆದರೂ ನನ್ನ ದೃಷ್ಟಿಯಲ್ಲಿ ಮಿಲ್ನರ್ ಅವರ ಅತ್ಯುತ್ತಮ ಪ್ರಯೋಗ ಅದರ ನಂತರದ್ದು. ನಕ್ಷತ್ರವೊಂದರ ಎರಡು ಗೆರೆಗಳ ನಡುವೆ, ಕನ್ನಡಿಯಲ್ಲಿ ಮಾತ್ರ ಕೈಯನ್ನು ನೋಡುತ್ತ ಪೆನ್ಸಿಲ್ ಎಳೆಯುವ ಅಭ್ಯಾಸವನ್ನು ಅವರು ಎಚ್.ಎಂ. ಅವರಿಂದ ಮೂರು ದಿನ ಮಾಡಿಸಿದರು. ತಪ್ಪುಗಳು ದಿನದಿಂದ ದಿನಕ್ಕೆ ಕಡಿಮೆಯಾದವು, ಆದರೆ ಹಿಂದೆ ಇದನ್ನು ಮಾಡಿದ್ದೆನೆಂಬ ನೆನಪು ಅವರಿಗೆ ಒಮ್ಮೆಯೂ ಇರಲಿಲ್ಲ. ಕೈಯ ಕಲಿಕೆಗೆ ಮಿದುಳಿನಲ್ಲಿ ಬೇರೆಯೇ ದಾರಿಯಿದೆ ಎಂಬುದು ಹೀಗೆ ತಿಳಿಯಿತು. ಇದನ್ನು ವಿವರಿಸುವಾಗ ನಾನು ನಮ್ಮ ನೆರೆಯ ಅಜ್ಜಿಯೊಬ್ಬರನ್ನು ನೆನೆಯುವುದುಂಟು: ಮಧ್ಯಾಹ್ನ ಗಂಜಿ ಉಂಡದ್ದು ಸಂಜೆಗೆ ನೆನಪಿರದ ಆ ಹಿರಿಯರು ಎಲೆ, ಹುಡಿ, ನೂಲು ಮುಂದಿಟ್ಟರೆ ಬೀಡಿಯನ್ನು ತಪ್ಪಿಲ್ಲದೆ ಕಟ್ಟುತ್ತಿದ್ದರು. ಅವರ ಕಾಯಿಲೆ ಬೇರೆ, ಕೌಶಲವೂ ಹಳೆಯದು. ಆದ್ದರಿಂದ ಇದು ಪುರಾವೆಯಲ್ಲ, ಪಾಠಕ್ಕೊಂದು ಪ್ರವೇಶ ಅಷ್ಟೆ.

ಅಂದಿನಿಂದ ಪ್ರಾಣಿಗಳಲ್ಲಿ ಹಿಪೊಕ್ಯಾಂಪಸ್ಸಿನ ಅಧ್ಯಯನ ಒಂದು ಕ್ಷೇತ್ರವಾಗಿಯೇ ಬೆಳೆಯಿತು. ಸ್ಥಳವನ್ನು ಗುರುತಿಸುವ ನರಕೋಶಗಳನ್ನು ಅಲ್ಲಿ ಕಂಡ ಜಾನ್ ಓಕೀಫ್ ಹಾಗೂ ಮಿದುಳಿನ ಚಿತ್ರಣದ ಸಂಶೋಧಕ ಮಾರ್ಕಸ್ ರೈಕಲ್ ಅವರೊಂದಿಗೆ ಮಿಲ್ನರ್ ನರವಿಜ್ಞಾನದ 2014ರ ಕಾವ್ಲಿ ಪ್ರಶಸ್ತಿಯನ್ನು ಹಂಚಿಕೊಂಡರು. ಅವರ ಶಿಷ್ಯೆ ಸುಝಾನ್ ಕಾರ್ಕಿನ್, 2008ರಲ್ಲಿ ಮೊಲೈಸನ್ ತೀರಿಕೊಳ್ಳುವವರೆಗೂ ಅವರ ಅಧ್ಯಯನವನ್ನು ಮುಂದುವರಿಸಿದರು. ಮಿದುಳಿನ ಮುಂಭಾಗಕ್ಕೆ ಪೆಟ್ಟಾದವರು ಕಾರ್ಡ್ ವಿಂಗಡಿಸುವ ನಿಯಮ ಬದಲಾದರೂ ಹಳೆಯದಕ್ಕೇ ಅಂಟಿಕೊಳ್ಳುತ್ತಾರೆಂದು 1963ರಲ್ಲಿ ಮಿಲ್ನರ್ ತೋರಿಸಿದರು. ಆ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ, ವರದಿ ಬರೆಯುವವರು ಅವರ ಹೆಸರನ್ನು ಬರೆಯಬೇಕಾಗಿಲ್ಲ.

ಇನ್ನೊಂದು ಪರಿಣಾಮವಂತೂ ಯಾವ ಸೂಚ್ಯಂಕಕ್ಕೂ ಸಿಗುವಂಥದ್ದಲ್ಲ. 1957ರ ಆ ಪ್ರಬಂಧ ಶಸ್ತ್ರವೈದ್ಯರಿಗೆ ಎಚ್ಚರಿಕೆಯೂ ಆಗಿತ್ತು: ಎರಡೂ ಬದಿಯ ಹಿಪೊಕ್ಯಾಂಪಸ್ ತೆಗೆಯುವ ಶಸ್ತ್ರಚಿಕಿತ್ಸೆಯನ್ನು ವೈದ್ಯಲೋಕ ಕೈಬಿಟ್ಟಿತು.