ಸಂಘದ ಡ್ರೈವನ್ನು ಡಿಸ್ಕಿಗಿಳಿಸಿದ ಶನಿವಾರ

ಗೂಗಲ್ ಡ್ರೈವ್‌ನ ಕಸದಬುಟ್ಟಿಗೆ ಬಿದ್ದ ಫೈಲಿಗೆ ಆಯಸ್ಸು 30 ದಿನ. ವರ್ಕ್‌ಸ್ಪೇಸ್ (ಸಂಸ್ಥೆಗಳಿಗೆಂದು ಗೂಗಲ್ ಕೊಡುವ) ಖಾತೆಯಾದರೆ ಬುಟ್ಟಿ ಖಾಲಿಯಾದ ಮೇಲೂ ಅಡ್ಮಿನ್ ಕೈಯಲ್ಲಿ ಇನ್ನು 25 ದಿನ. ಆಮೇಲೆ ಯಾರನ್ನು ಕೇಳಿಯೂ ಪ್ರಯೋಜನವಿಲ್ಲ. ‘ಡ್ರೈವ್‌ನಲ್ಲಿದೆಯಲ್ಲ, ಮತ್ತೇನು ಬ್ಯಾಕಪ್?’ ಎನ್ನುತ್ತಿದ್ದ ಒಂದು ಸಹಕಾರ ಸಂಘದ ಕಡತಗಳನ್ನು ಇಳಿಸಿಕೊಳ್ಳಲು ಆ ಶನಿವಾರ ಕೂತಾಗ ಎದುರಿಗಿದ್ದದ್ದು ಉಬುಂಟು ಹಾಕಿದ ಹಳೇ ಡೆಸ್ಕ್‌ಟಾಪ್, 2 ಟಿಬಿ ಹಾರ್ಡ್‌ಡಿಸ್ಕ್, ಜೊತೆಗೆ ಡ್ರೈವ್‌ನಿಂದ ಫೈಲು ಇಳಿಸುವ ಆರ್‌ಕ್ಲೋನ್ ಮತ್ತು ಬ್ಯಾಕಪ್ ಇಡುವ ರೆಸ್ಟಿಕ್ ಎಂಬ ಎರಡು ಓಪನ್ ಸೋರ್ಸ್ ತಂತ್ರಾಂಶಗಳು.

ಎರಡು ಯಾಕೆಂದರೆ, ‘ಆರ್‌ಕ್ಲೋನ್ ಸಿಂಕ್’ ಬರೀ ಕನ್ನಡಿ. ಅಲ್ಲಿ ಅಳಿಸಿದ್ದು ಮರುದಿನ ಇಲ್ಲೂ ಅಳಿಯುತ್ತದೆ. ಇಳಿದ ಫೋಲ್ಡರನ್ನು ರೆಸ್ಟಿಕ್ ಎನ್‌ಕ್ರಿಪ್ಟ್ ಮಾಡಿ ದಿನದಿನದ ಸ್ನ್ಯಾಪ್‌ಶಾಟ್ (ಆ ಹೊತ್ತಿನ ಸ್ಥಿತಿಯ ಪ್ರತಿ) ಆಗಿ ಇಟ್ಟುಕೊಂಡರೆ ಮಾತ್ರ ಹೋದ ತಿಂಗಳಿನ ಪ್ರತಿ ಕೈಗೆ ಸಿಗುತ್ತದೆ. 7 ದಿನದ್ದು, 5 ವಾರದ್ದು, 12 ತಿಂಗಳದ್ದು ಉಳಿಸಿದರೆ ಇಂಥ ಕಚೇರಿಗೆ ಧಾರಾಳ. ಹಳೇ ಸ್ನ್ಯಾಪ್‌ಶಾಟ್ ಕೈಬಿಡುವ ‘ಫರ್ಗೆಟ್’ ಆದೇಶದ ಜೊತೆ, ಬೇಡದ ದತ್ತಾಂಶ ಅಳಿಸುವ ‘ಪ್ರೂನ್’ ಹೇಳದಿದ್ದರೆ ಪಟ್ಟಿ ಚಿಕ್ಕದಾಗುತ್ತದೆ, ಡಿಸ್ಕಿನ ಜಾಗ ಮಾತ್ರ ಬಿಡುಗಡೆಯಾಗುವುದಿಲ್ಲ.

ಆರ್‌ಕ್ಲೋನ್ ಕಾನ್ಫಿಗ್‌ನಲ್ಲಿ ಸ್ಕೋಪ್ (ಡ್ರೈವ್ ಮೇಲೆ ಎಷ್ಟು ಅಧಿಕಾರ) ಕೇಳಿದಾಗ ರೀಡ್-ಓನ್ಲಿ, ಅಂದರೆ ಓದಲು ಮಾತ್ರ, ಕೊಡಬೇಕು. ಬ್ಯಾಕಪ್ ಯಂತ್ರಕ್ಕೆ ಮೂಲವನ್ನು ಅಳಿಸುವ ಅಧಿಕಾರ ಯಾಕೆ? ಕ್ಲೈಂಟ್ ಐಡಿ (ಆರ್‌ಕ್ಲೋನ್ ಗೂಗಲ್‌ಗೆ ತೋರಿಸುವ ಗುರುತು) ಖಾಲಿ ಬಿಟ್ಟರೆ ಲೋಕವೆಲ್ಲ ಹಂಚಿಕೊಳ್ಳುವ ಐಡಿಯಲ್ಲಿ ತೆವಳಬೇಕಾಗುತ್ತದೆ, ಹಾಗಾಗಿ ಗೂಗಲ್ ಕ್ಲೌಡ್ ಕನ್ಸೋಲಿನಲ್ಲಿ ಸ್ವಂತದ್ದೇ ಮಾಡಿಕೊಳ್ಳುವುದು ಒಳ್ಳೆಯದು. ಅಲ್ಲೊಂದು ಹೊಂಡವಿದೆ: ಆ ಐಡಿಗಾಗಿ ಮಾಡಿದ ಆ್ಯಪ್ ‘ಟೆಸ್ಟಿಂಗ್’ ಸ್ಥಿತಿಯಲ್ಲೇ ಉಳಿದರೆ ಟೋಕನ್ (ಡ್ರೈವ್ ಓದಲು ಸಿಕ್ಕ ಅನುಮತಿ) 7 ದಿನಕ್ಕೆ ಸಾಯುತ್ತದೆ. ವರ್ಕ್‌ಸ್ಪೇಸ್ ಇದ್ದವರು ‘ಇಂಟರ್ನಲ್’ (ಸಂಸ್ಥೆಯೊಳಗಿನವರಿಗೆ ಮಾತ್ರ) ಆರಿಸಿದರೆ ಈ ರಗಳೆ ಇಲ್ಲ.

ಮೊದಲ ಓಟದಲ್ಲೇ ಕನ್ನಡದ ಕಡತಗಳು ತಡೆದವು. ‘2023-24ನೇ ಸಾಲಿನ ವಾರ್ಷಿಕ ಸರ್ವಸದಸ್ಯರ ಸಭೆಯ ನಡಾವಳಿ ಮತ್ತು ಲೆಕ್ಕಪರಿಶೋಧನಾ ವರದಿಯ ಅಧ್ಯಕ್ಷರ ಸಹಿಯಾದ ಅಂಗೀಕೃತ ಪ್ರತಿ’ ಎಂಬಂಥ ಹೆಸರುಗಳಿಗೆಲ್ಲ ‘ಫೈಲ್ ನೇಮ್ ಟೂ ಲಾಂಗ್’. ಡ್ರೈವ್‌ಗೆ ಇದು ಲೆಕ್ಕಕ್ಕೇ ಇಲ್ಲ. ಉಬುಂಟುವಿನ ಇಎಕ್ಸ್‌ಟಿ4 ಕಡತವ್ಯವಸ್ಥೆಯಲ್ಲಿ ಒಂದು ಹೆಸರಿಗೆ 255 ಬೈಟುಗಳಷ್ಟೇ, ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತವೂ (ಮೂಲಾಕ್ಷರ, ಗುಣಿತದ ಚಿಹ್ನೆ ಎಲ್ಲ ಬೇರೆಬೇರೆ) 3 ಬೈಟು ನುಂಗುತ್ತದೆ. ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ 6 ಸಂಕೇತ, 18 ಬೈಟು! ಮೇಲಿನ ಹೆಸರು ಡಾಕ್‌ಎಕ್ಸ್ (.docx) ಬಾಲವೂ ಸೇರಿ 273 ಬೈಟು. ಇದೇ ಹೆಸರು ವಿಂಡೋಸ್‌ನ ಎನ್‌ಟಿಎಫ್‌ಎಸ್‌ನಲ್ಲಿ ಆರಾಮಾಗಿ ಕೂರುತ್ತದೆ, ಅಲ್ಲಿನ 255ರ ಮಿತಿ ಬೈಟಿನದ್ದಲ್ಲ, ಯುಟಿಎಫ್-16 ಘಟಕಗಳದ್ದು, ಕನ್ನಡದ ಒಂದು ಸಂಕೇತಕ್ಕೆ ಒಂದೇ ಘಟಕ. ಡ್ರೈವ್‌ನಲ್ಲೇ ಹೆಸರು ಮೊಟಕು ಮಾಡಿದ್ದಾಯಿತು.

ಒಂದೇ ಫೋಲ್ಡರಿನಲ್ಲಿ ಒಂದೇ ಹೆಸರಿನ ಎರಡು ಫೈಲಿಗೆ ಡ್ರೈವ್ ಒಪ್ಪುತ್ತದೆ, ಡಿಸ್ಕ್ ಒಪ್ಪುವುದಿಲ್ಲ. ‘ಡೂಪ್ಲಿಕೇಟ್’ ಎಂದು ಗೊಣಗಿ ಆರ್‌ಕ್ಲೋನ್ ಒಂದನ್ನು ಬಿಟ್ಟು ಮುಂದೆ ಹೋಗುತ್ತದೆ. ಲಾಗ್ ಓದದಿದ್ದರೆ ಗೊತ್ತೇ ಆಗುವುದಿಲ್ಲ. ರೀಡ್-ಓನ್ಲಿ ಕೊಟ್ಟಿರುವುದರಿಂದ ಒಂದೇ ಹೆಸರಿನ ಫೈಲುಗಳನ್ನು ಬಗೆಹರಿಸುವ ‘ಡಿಡ್ಯೂಪ್’ ಆದೇಶ ಇಲ್ಲಿ ನಡೆಯದು, ಬ್ರೌಸರಿನಲ್ಲಿ ಕೈಯಾರೆ ಸರಿಮಾಡಬೇಕು. ಫೋಟೊ ತುಂಬಿದ ಒಂದು ಗೂಗಲ್ ಡಾಕ್ ಕೂಡ ಬರಲಿಲ್ಲ. ಎಪಿಐ (ತಂತ್ರಾಂಶಗಳು ಡ್ರೈವ್ ಜೊತೆ ಮಾತಾಡುವ ದಾರಿ) ಮೂಲಕ ಎಕ್ಸ್‌ಪೋರ್ಟ್ ಮಿತಿ 10 ಎಂಬಿ.

ಎಕ್ಸ್‌ಪೋರ್ಟ್ ಎಂದೆ ನೋಡಿ, ಗೂಗಲ್ ಡಾಕ್, ಶೀಟ್‌ಗಳು ಇಳಿಸಿಕೊಳ್ಳಬಹುದಾದ ಫೈಲುಗಳೇ ಅಲ್ಲ. ನಮ್ಮ ಕೈಗೆ ಬರುವುದು ಅವುಗಳ ಡಾಕ್‌ಎಕ್ಸ್, ಎಕ್ಸ್‌ಎಲ್‌ಎಸ್‌ಎಕ್ಸ್ ರೂಪ. ತಿದ್ದುಪಡಿಯ ಚರಿತ್ರೆ, ಯಾರಿಗೆ ಹಂಚಿದೆ ಎಂಬುದು ಅಲ್ಲೇ ಉಳಿಯುತ್ತವೆ.

ಸಂಜೆ ‘ರೆಸ್ಟಿಕ್ ರಿಸ್ಟೋರ್ ಲೇಟೆಸ್ಟ್’ ಕೊಟ್ಟು ಬೇರೊಂದು ಫೋಲ್ಡರಿಗೆ ಸಾಲದ ಲೆಡ್ಜರ್ ಹಿಂದಕ್ಕೆ ತಂದಾಗ ಅಂಕಿಗಳೆಲ್ಲ ಸರಿಯಾಗೇ ಕಂಡವು. ಮೊತ್ತದ ಸೆಲ್ ಮೇಲೆ ಕ್ಲಿಕ್ ಮಾಡಿದರೆ ಒಳಗೆ ‘ಇಫ್‌ಎರರ್’ (ಲೆಕ್ಕ ತಪ್ಪಿದರೆ ಬದಲಿ ತೋರಿಸುವ ಸೂತ್ರ), ಅದರೊಳಗೆ ‘ಡಮ್ಮಿಫಂಕ್ಷನ್’, ಕೊನೆಗೆ ಒಂದು ಸಂಖ್ಯೆ. ಇನ್ನೊಂದು ಶೀಟಿನಿಂದ ಅಂಕಿ ತರುತ್ತಿದ್ದ ‘ಇಂಪೋರ್ಟ್‌ರೇಂಜ್’ ಸೂತ್ರ ಡಮ್ಮಿಯೊಳಗೆ ಬರೀ ಪಠ್ಯವಾಗಿ ಕೂತಿದೆ, ಕಾಣುವ ಸಂಖ್ಯೆ ಎಕ್ಸ್‌ಪೋರ್ಟ್ ಆದ ಕ್ಷಣದ್ದು. ಮೂಲ ಶೀಟ್ ನಿವೃತ್ತರಾದ ನೌಕರರೊಬ್ಬರ ಸ್ವಂತ ಡ್ರೈವ್‌ನಲ್ಲಿತ್ತು. ಆ ಸೂತ್ರದೊಳಗಿನ ವಿಳಾಸ ಹಿಡಿದು ಅದನ್ನು ಸಂಘದ ಶೇರ್ಡ್ ಡ್ರೈವ್‌ಗೆ ನಕಲು ಮಾಡಿ, ಸಿಂಕ್ ಮತ್ತೆ ಓಡಿಸಿದಾಗ ರಾತ್ರಿ ಎಂಟು.