ಒಂದು ಲೋಟಕ್ಕೆ ಒಂದು ಪ್ಯಾಕೆಟ್

ದಾವಣಗೆರೆ ಮೇ ತಿಂಗಳ ಬಿಸಿಲು ಹೆಂಗಿರುತ್ತೆ ಅಂತ ಇಲ್ಲಿಯವರಿಗೆ ಹೇಳೋದೇ ಬೇಡ. ಅಂಥಾ ದಿನ ಸಂಜೆ ಮಂಡಕ್ಕಿ ಜೊತೆ ಐದು ಮಿರ್ಚಿ ಹೊಡೆದು ಅದರ ಮೇಲೆ ಐಸ್ ಹಾಕಿದ ಕಬ್ಬಿನಹಾಲು ಕುಡಿದೆ (ತಪ್ಪು ನಂದೇ). ರಾತ್ರಿ ಎರಡಕ್ಕೆ ಶುರುವಾದ ಭೇದಿ ಬೆಳಗಾಗೋ ಹೊತ್ತಿಗೆ ಎಂಟು ಸಲ ಆಗಿ, ಮೀನಖಂಡ ಹಿಡ್ಕೊಂಡು ಗೋಡೆ ಆನಿಸ್ಕೊಂಡು ಓಡಾಡೋ ಪರಿಸ್ಥಿತಿ.

ಮನೇಲಿ ಒಂದು ದೊಡ್ಡ ಓಆರ್‌ಎಸ್ (ಭೇದಿ ಆದಾಗ ನೀರಲ್ಲಿ ಕಲಸಿ ಕುಡಿಯೋ ಉಪ್ಪು-ಸಕ್ಕರೆ ಪುಡಿ) ಪ್ಯಾಕೆಟ್ ಇತ್ತು. 200 ಎಂಎಲ್‌ಗೆ ಹಾಕೋ ಸಣ್ಣದೂ ಬರುತ್ತಲ್ಲ, ಅದೇ ಅನ್ಕೊಂಡು ಒಂದೇ ಲೋಟಕ್ಕೆ ಪೂರ್ತಿ ಸುರಿದು ಗಟಗಟ ಕುಡಿದೆ. ಗಟ್ಟಿ ಇದ್ದಷ್ಟೂ ಒಳ್ಳೇದೇ ಅನ್ನೋ ಲೆಕ್ಕ ಬೇರೆ. ಸ್ವಲ್ಪ ಹೊತ್ತಿಗೇ ಮತ್ತೆ ಓಟ, ಮೊದಲಿಗಿಂತ ಜೋರು.

ಅಕ್ಕನ ಮಗಳು ರಜೆಗೆ ಬಂದಿದ್ಲು, ಪಿಯುಸಿ ಸೈನ್ಸ್. ಖಾಲಿ ಪ್ಯಾಕೆಟ್ ತಿರುಗಿಸಿ ನೋಡಿ ನಕ್ಕು, "ಮಾಮ, ಅಜ್ಜಿ ಜಾಡಿ ನೋಡ್ಕಂಡ್ ಬಾ" ಅಂದ್ಲು. ಅಮ್ಮ ಹಿಂದಿನ ದಿನ ಮಾವಿನಕಾಯಿ ಹೆಚ್ಚಿ ಉಪ್ಪು ಹಾಕಿಟ್ಟಿದ್ರು, ಒಂದು ಹನಿ ನೀರು ಹಾಕಿಲ್ಲ, ಬೆಳಿಗ್ಗೆ ನೋಡಿದ್ರೆ ಹೋಳೆಲ್ಲಾ ಸುಕ್ಕಾಗಿ ಅರ್ಧ ಜಾಡಿ ನೀರು. ಕಾಯಿ ನೀರು ಬಿಟ್ಟಿದೆ ಅಂತೀವಲ್ಲ, ಅದೇ ಆಸ್ಮೋಸಿಸ್. ಹೊರಗೆ ಉಪ್ಪು ಜಾಸ್ತಿ ಆದ್ರೆ ಜೀವಕೋಶದ ಒಳಗಿನ ನೀರು ಪೊರೆ ದಾಟಿ ಹೊರಗೆ ಬರುತ್ತೆ. ಆ ಪ್ಯಾಕೆಟ್ 1 ಲೀಟರ್ ನೀರಿಗೆ, ಸರಿಯಾಗಿ ಕಲಸಿದ್ರೆ ಆಸ್ಮೊಲಾರಿಟಿ (ಒಂದು ಲೀಟರಲ್ಲಿ ಕರಗಿರೋ ಕಣಗಳ ಲೆಕ್ಕ) 245, ನಮ್ಮ ರಕ್ತದ್ದು ಸುಮಾರು 290. ನಾನು ಕುಡಿದಿದ್ದು 245ರ ಐದು ಪಟ್ಟು, ಅಂದ್ರೆ 1200ರ ಮೇಲೆ! ಮೈಗೆ ನೀರು ಸೇರೋದು ಹೋಗ್ಲಿ, ರಕ್ತದಲ್ಲಿದ್ದ ನೀರನ್ನೂ ಕರುಳಿಗೆ ಎಳ್ಕೊಂಡೆ.

ಸರಿ, ಸಕ್ಕರೆ ಯಾಕೆ, ಶಕ್ತಿಗಾ ಅಂತ ಕೇಳಿದೆ. ನಾನು ಇಷ್ಟು ವರ್ಷ ಹಂಗೇ ನಂಬಿದ್ದೆ. ಅಲ್ವಂತೆ. ಸಣ್ಣ ಕರುಳಿನ ಗೋಡೇಲಿ ಒಂದು ಪ್ರೋಟೀನ್ ಬಾಗಿಲಿದೆ, ಎಸ್‌ಜಿಎಲ್‌ಟಿ1 ಅಂತ, ಒಂದು ಗ್ಲೂಕೋಸ್ ಬಂದ್ರೆ ಜೊತೆಗೆ ಎರಡು ಸೋಡಿಯಂ ಒಳಗೆ ಬಿಡುತ್ತೆ, ಒಬ್ಬರನ್ನೇ ಬಿಡಲ್ಲ, ಅವು ಹೋದ ಹಿಂದೆನೇ ನೀರೂ ಹೋಗುತ್ತೆ. ಒಳಗೆ ಬಂದ ಸೋಡಿಯಂ ಅಲ್ಲೇ ತುಂಬ್ಕೊಂಡ್ರೆ ಬಾಗಿಲು ಕೆಲಸ ಮಾಡಲ್ಲ, ಅದಕ್ಕೆ ಜೀವಕೋಶದ ಇನ್ನೊಂದು ಕಡೆ ಒಂದು ಪಂಪು, ಮೂರು ಸೋಡಿಯಂ ಆಚೆ ಹಾಕಿ ಎರಡು ಪೊಟ್ಯಾಸಿಯಂ ಒಳಗೆ ತರೋದು, ಎಟಿಪಿ (ಜೀವಕೋಶದ ಇಂಧನ) ಖರ್ಚು ಮಾಡ್ಕೊಂಡು. ಈ ಗ್ಲೂಕೋಸ್-ಸೋಡಿಯಂ ಜೋಡಿ ವಿಷಯ ರಾಬರ್ಟ್ ಕ್ರೇನ್ ಅನ್ನೋ ವಿಜ್ಞಾನಿ 1960ರಲ್ಲಿ ಪ್ರಾಗ್‌ನಲ್ಲಿ ಹೇಳಿದ್ದು.

ಕಾಲರಾ ಬಂದ್ರೂ ಈ ಬಾಗಿಲು ಕೆಡಲ್ಲ ಅನ್ನೋದೇ ದೊಡ್ಡ ಪುಣ್ಯ. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ಬಂಗಾಳದ ಬನಗಾಂವ್‌ಗೆ ಬಂದಾಗ ಸಲೈನ್ ಸಾಲದೆ ಡಾಕ್ಟರ್ ದಿಲೀಪ್ ಮಹಾಲನಬಿಸ್ ಡ್ರಮ್ಮುಗಳಲ್ಲಿ ಉಪ್ಪು-ಗ್ಲೂಕೋಸ್ ನೀರು ಕಲಸಿಟ್ಟು, ರೋಗಿಗಳ ಮನೆಯವರ ಕೈಲೇ ಕುಡಿಸಿದ್ರು. ಶಿಬಿರದಲ್ಲಿ ಸಾವು ನೂರಕ್ಕೆ ಮೂವತ್ತರ ಹತ್ತಿರ ಇದ್ದಿದ್ದು ನಾಲ್ಕಕ್ಕಿಂತ ಕೆಳಗೆ ಇಳೀತು.

ಆಮೇಲೆ ಅವಳೇ ಮೆಡಿಕಲ್ ಶಾಪಿಗೆ ಹೋಗಿ ಇನ್ನೊಂದು ಪ್ಯಾಕೆಟ್ ತಂದು ಬಾಟ್ಲಲ್ಲಿ ಅಳೆದು ಕಲಸಿಕೊಟ್ಲು. ಗುಟುಕು ಗುಟುಕಾಗಿ ಕುಡೀತಾ ಕೂತೆ. ರಾತ್ರಿಯಿಂದ ಒಂದಕ್ಕೇ ಹೋಗಿರ್ಲಿಲ್ಲ, ನೀರು ಕಮ್ಮಿ ಆದಾಗ ಕಿಡ್ನಿ ಇದ್ದಿದ್ದನ್ನ ಬಿಗಿಹಿಡ್ಕೊಳುತ್ತಲ್ಲ ಹಂಗೆ. ಮಧ್ಯಾಹ್ನ ಮೂರಕ್ಕೆ ಬಂತು, ಕಡು ಹಳದಿ. ಖುಷಿಗೆ ಬಚ್ಚಲಿಂದಲೇ ಕೂಗಿ ಹೇಳಿದೆ. ಅಮ್ಮ ಜಾಡಿಗೆ ಖಾರದಪುಡಿ ಕಲಸ್ತಾ, "ಥೂ, ಉಪ್ಪಿನಕಾಯಿ ಮುಂದೆ ಇದೆಲ್ಲಾ ಹೇಳ್ಬೇಡ" ಅಂದ್ರು.